ಹೊರೆಗಲ್ಲಿನ ಎತ್ತರ

ಸಂಜೆ ಆರಕ್ಕೆ ಹಿಡಿದ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಸಿದ್ಧಾರ್ಥನಗರದ ಆ ಬೀದಿಯಲ್ಲಿ ಕರೆಂಟು ಹೋಗಿ, ಸಿದ್ದಪ್ಪಾಜಿಯವರ ಮನೆಯಲ್ಲಿ ಬುದ್ಧನ ಪಟಕ್ಕೂ ಮಾದಪ್ಪನ ಪಟಕ್ಕೂ ಸೇರಿಸಿ ಹಚ್ಚಿಟ್ಟ ಎಣ್ಣೆದೀಪವೊಂದೇ ಬೆಳಕಾಗಿತ್ತು. ಅದರ ಸುತ್ತ ಮೂವರು ಕುಳಿತಿದ್ದರು: ರಸ್ತೆ ರಿಪೇರಿಯ ಗ್ಯಾಂಗಿನಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತರಾದ, ಎಂಬತ್ತು ದಾಟಿದ ಸಿದ್ದಪ್ಪಾಜಿ, ಅವರ ಹೆಂಡತಿ ಮಂಚಮ್ಮ, ಮಳೆಗೆ ಸಿಕ್ಕಿಕೊಂಡ ಸಂಘಮಿತ್ರ.

ಸಂಘಮಿತ್ರ ಬಂದದ್ದು ಒಂದು ಕಲ್ಲಿನ ವಿಚಾರ ಕೇಳಲು. ನಂಜನಗೂಡಿನ ಕಡೆ ಹೆದ್ದಾರಿಯನ್ನು ನೇರ ಮಾಡಿದಾಗ ಪಕ್ಕಕ್ಕೆ ಉಳಿದುಹೋದ ಹಳೇ ರಸ್ತೆಯ ತಿರುವಿನಲ್ಲಿ ಒಂದು ಹೊರೆಗಲ್ಲಿತ್ತು: ಎರಡು ನಿಲುಗಂಬ, ಮೇಲೊಂದು ಅಡ್ಡ ಚಪ್ಪಡಿ. ತಲೆಹೊರೆ ಹೊತ್ತು ನಡೆಯುವವರು ಯಾರ ಕೈಯನ್ನೂ ಕಾಯದೆ ಹೊರೆಯನ್ನು ಅದರ ಮೇಲೆ ಸರಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಳ್ಳಲಿ ಎಂದು ಹಿಂದಿನವರು ನಿಲ್ಲಿಸಿದ್ದು. ಅಲ್ಲೇ ಸಮೀಪ ಏಳುತ್ತಿರುವ ಹೋಟೆಲಿನ ಅಂಗಳಕ್ಕೆ ನಾಳೆ ಬೆಳಿಗ್ಗೆ ಅದನ್ನು ಕ್ರೇನಿನಲ್ಲಿ ತರಬೇಕು. ಅಂಗಳದ ವಿನ್ಯಾಸ ಸಂಘಮಿತ್ರಳದು. ಅವಳ ಮೊದಲ ದೊಡ್ಡ ಕೆಲಸ.

"ಅಮೇರಿಕದಲ್ಲಿ ಒಂದು ಹಳೇ ಹೈವೇ ಇದೆ ತಾತ," ಎಂದು ಫೋನಿನಲ್ಲಿ ಚಿತ್ರ ತೋರಿಸಿದಳು. "ಚಿಕಾಗೋದಿಂದ ಸಮುದ್ರದವರೆಗೆ, ಸುಮಾರು ಎರಡೂವರೆ ಸಾವಿರ ಮೈಲಿ. ಹೊಸ ರಸ್ತೆಗಳು ಬಂದ್ವು, ಇದರ ನಂಬರನ್ನೇ ತೆಗೆದುಹಾಕಿದ್ರು. ಆದ್ರೂ ಪ್ರಪಂಚದಿಂದೆಲ್ಲ ಜನ ಅದನ್ನೇ ಹುಡುಕ್ಕೊಂಡು ಹೋಗ್ತಾರೆ. ಹಳೇ ಪೆಟ್ರೋಲ್ ಬಂಕು, ಹಳೇ ಬೋರ್ಡು, ಎಲ್ಲ ಉಳಿಸ್ಕೊಂಡಿದ್ದಾರೆ."

"ಇದ್ದ ತಾವೇ ಉಳಿಸ್ಕೊಂಡವ್ರಾ, ಕಿತ್ಕೊಂಡೋಗಿ ಬೇರೆ ಕಡೆ ಮಡಿಕ್ಕೊಂಡವ್ರಾ?"

ಸಂಘಮಿತ್ರಳ ದನಿ ಇಳಿಯಿತು. "ಬಹಳಷ್ಟು... ಇದ್ದಲ್ಲೇ."

"ಶುರುವಾಯ್ತು ಮುದುಕಂದು," ಮಂಚಮ್ಮ ಕಾಫಿ ಲೋಟ ಮುಂದಿಟ್ಟರು. "ಇದು ಆರೋ ಹೊತ್ಗೆ ನೀನು ಹೆದರ್ಕೊಂಡಿರ್ತೀಯ ಕಣವ್ವ."

"ಸುಮ್ಕಿರಮ್ಮಿ. ನಿನ್ನ ಜೊತೆ ಐವತ್ತೈದು ವರ್ಷ ಬಾಳಿದೋನು, ನಂಗ್ಯಾವ ದೆವ್ವ?" ಎಂದು ನಕ್ಕ ಸಿದ್ದಪ್ಪಾಜಿ ದೀಪದ ಕುಡಿ ಸರಿಮಾಡಿದರು. ಆಮೇಲೆ ನಗಲಿಲ್ಲ.

"ಕೇಳು ಮಗಾ... ನಂಬರ್ ಕಿತ್ತಾಕಿದ್ರೆ ರಸ್ತೆ ಸಾಯ್ತದಾ? ಎಷ್ಟು ಜನ ನಡೆದವ್ರೆ ಅದರ ಮೇಲೆ... ಅವರೆಲ್ಲಾ ಊರು ಸೇರಿದ್ರು ಅಂತ ಯಾರು ನೋಡವ್ರೆ?

"ಎಂಬತ್ತೆಂಟನೇ ಇಸವಿ, ದಸರಾಕ್ಕೆ ಮುಂಚೆ. ರಸ್ತೆ ಬದಿ ಮರಕ್ಕೆ, ಮೈಲಿಗಲ್ಲಿಗೆ, ಮೋರಿ ಗೋಡೆಗೆ ಸುಣ್ಣ ಬಳಿಯೋದು ನಮ್ಮ ಗ್ಯಾಂಗಿನ ಕೆಲ್ಸ. ಹೊರೆಗಲ್ಗೂ ಬಳೀತಿದ್ವು. ನಾವು ಮಾಡ್ತಿದ್ದ ತಪ್ಪು ನೋಡು... ಜಲ್ಲಿ ಮೇಲೆ ಜಲ್ಲಿ, ಡಾಂಬರ ಮೇಲೆ ಡಾಂಬರು, ಅಂಚಿಗೆ ಮಣ್ಣು ಏರಿಸಿ ಏರಿಸಿ ರಸ್ತೆ ಮೇಲಕ್ಕೆ ಬಂದು, ತಲೆಮಟ್ಟಕ್ಕಿದ್ದ ಚಪ್ಪಡಿ ಸೊಂಟಕ್ಕಿಳಿದಿತ್ತು, ಆದ್ರೂ ಬೆಳ್ಳಗೆ ಬಳ್ದು, ಆಹಾ ಚೆಂದಾಯ್ತು ಅಂತ ಮುಂದಕ್ಕೋಗ್ತಿದ್ವು. ಸೊಂಟದ ಮಟ್ಟದ ಕಲ್ಮೇಲೆ ತಲೆ ಮೇಲಿನ ಹೊರೆ ಒಬ್ಬರೇ ಇಳಿಸಾಕಾಯ್ತದಾ? ಹೊತ್ತೋರಿದ್ದಿದ್ರೆ ಉಗಿದು ಹೇಳೋರು. ಬಸ್ಸು ಬಂದ್ಮೇಲೆ ಹೊರೋರೇ ಇರ್ನಿಲ್ಲವಲ್ಲ.

"ಮಟಮಟ ಮಧ್ಯಾಹ್ನ. ಗ್ಯಾಂಗಿನೋರು ಉಣ್ಣಾಕೆ ಹೋಗಿದ್ರು, ನಾನೊಬ್ನೇ ಕುಂಚ ಹಿಡ್ಕೊಂಡು ಕಲ್ಲ ತಾವಿದ್ದೆ. ತಿರುಗ್ತೀನಿ... ಒಬ್ಳು ಹೆಣ್ಮಗಳು. ತಲೆ ಮೇಲೆ ಗೋಣಿ ಕಟ್ಟಿದ ಹೊರೆ. ಕಲ್ಲ ಹತ್ರ ಬಗ್ತಾಳೆ, ಆಗದೆ ನೆಟ್ಟಗಾಗ್ತಾಳೆ, ತಿರ್ಗಾ ಬಗ್ತಾಳೆ... ಕತ್ತಿನ ನರ ಎರಡೂ ಹಗ್ಗದಂಗೆ ಎದ್ದಿದ್ವು. 'ಒಸಿ ಕೈ ಕೊಡಪ್ಪ' ಅಂದ್ಳು."

ಸಂಘಮಿತ್ರ ಬಾಯಿಯ ಹತ್ತಿರ ಒಯ್ದಿದ್ದ ಲೋಟವನ್ನು ಕುಡಿಯದೆ ಕೆಳಗಿಟ್ಟಳು.

"ಕೈಯೆತ್ತಿ ಹಿಡಿದೆ. ಏನ್ ಹೇಳ್ಲಿ ಮಗಾ... ಕೈಲಿ ತೂಕವೇ ಇಲ್ಲ, ಬರೀ ಗಾಳಿ. ಎದೆ ಮೇಲೆ ಮಾತ್ರ ಬಂಡೆ ಬಂದು ಕೂತಂಗಾಯ್ತು. ಆ ದಾರೀಲಿ ಹೊತ್ಕೊಂಡು ನಡೆದೋರ ಹಸಿವು, ಸುಟ್ಟ ಅಂಗಾಲು, ಮನೇಲಿ ಬಿಟ್ಟು ಬಂದ ಮಗಿನ ಅಳು, ಎಲ್ಲಾ ಒಂದೇ ಸಲಕ್ಕೆ... ಕೈ ಮುಗೀಬೇಕು ಅನ್ನಿಸ್ತು, ಕೈ ಖಾಲಿ ಇರ್ನಿಲ್ಲ. ಅವ್ಳು ಕತ್ತು ಆ ಕಡೆ ಈ ಕಡೆ ಹೊರಳಿಸಿ, ಉಸ್ಸಪ್ಪಾ ಅಂತ ಉಸಿರು ಬುಟ್ಟು, ಹೊರೆ ಮತ್ತೆ ತಲೆಗೆ ತಗೊಂಡ್ಳು. 'ಇವತ್ಗೆ ನೀನಿದ್ದೆ. ನಾಳೆಗೆ?' ಅಂದ್ಳು. ಬಿದ್ದಿದ್ದ ಕುಂಚ ತಗೊಳಾಕೆ ಬಗ್ಗಿ ಎದ್ದೆ... ಕಣ್ಣು ಹಾಯೋಗಂಟ ರಸ್ತೆ ಬರಿದು."

"ಆಮೇಲೆ?"

"ಆರ್ಡರ್ ಕಾಯ್ನಿಲ್ಲ. ಭಾನುವಾರ ಆರು ಜನ ಸೇರಿ ಅಗೆದು, ಎತ್ತಿ, ಈ ಮಂಚಿನೇ ಪಕ್ಕಕ್ಕೆ ನಿಲ್ಲಿಸಿ ಅಳತೆ ಹಿಡ್ದು, ಐದಡಿಗೆ ಕೂರಿಸಿದ್ವು."

"ತಲೆ ಮೇಲೆ ಹುಲ್ಲಿನ ಹೊರೆ ಇಟ್ಟು ಬಿಸಿಲಲ್ಲಿ ನಿಲ್ಲಿಸ್ಬುಟ್ಟಿತ್ತು ಈ ಮುದುಕ," ಎಂದರು ಮಂಚಮ್ಮ.

"ಸಾಹೇಬ್ರು ಮೆಮೋ ಕೊಟ್ರು. ಕೊಡ್ಲಿ. ಆಮೇಲೆ ಅವ್ಳು ಯಾರ ಕೈಯನ್ನೂ ಕೇಳ್ನಿಲ್ಲ. ಆದ್ರೆ ವರ್ಷಾವರ್ಷಾ ಚಪ್ಪಡಿಗೆ ಬಳಿದ ಸುಣ್ಣ ನಡುಮಧ್ಯ ಒಂದು ಹೊರೆಯಗಲ ಸವೆದೋಗಿರೋದು... ಈಗ ಎಷ್ಟೆತ್ತರ ಅದೆ ಮಗಾ?"

"ಮೂರಡಿ ನಾಲ್ಕಿಂಚು ತಾತ. ಇವತ್ತು ಮಧ್ಯಾಹ್ನ ಒಬ್ಬಳೇ ಹೋಗಿ ಟೇಪಲ್ಲಿ ಅಳೆದೆ."

ಮುದುಕರು ಕಣ್ಣು ಮುಚ್ಚಿದರು. ಅವರು ನಿವೃತ್ತರಾದ ಮೇಲೂ ಹೆದ್ದಾರಿ ಪಕ್ಕಕ್ಕೆ ಸರಿಯುವವರೆಗೆ ಡಾಂಬರು ಬೀಳುತ್ತಲೇ ಇತ್ತು. ಕಲ್ಲು ಮತ್ತೆ ಇಳಿದಿತ್ತು.

ಸಂಘಮಿತ್ರ ಕ್ರೇನ್ ಓಡಿಸುವ ಲೋಕೇಶನಿಗೆ ಫೋನು ಹಚ್ಚಿದಳು. "ಲೋಕೇಶ್, ಕಲ್ಲು ಹೋಟೆಲಿಗೆ ತರೋದು ಬೇಡ. ಬೆಳಿಗ್ಗೆ ಬನ್ನಿ, ಇದ್ದಲ್ಲೇ ಎತ್ತಿ ನಿಲ್ಲಿಸ್ಬೇಕು. ಐದಡಿಗೆ."

"ಓನರ್ ಒಪ್ಪವ್ರಾ ಮೇಡಂ?"

"ಒಪ್ಪಿಸ್ತೀನಿ. ಒಪ್ಪದಿದ್ರೆ ಬೇರೆಯವರ ಕೈಲಿ ಅಂಗಳ ಮಾಡಿಸ್ಕೊಳ್ಲಿ."

ಸಿದ್ದಪ್ಪಾಜಿ ಪಟಗಳ ಕಡೆ ಕೈ ಮುಗಿದರು. ಕೈ ಇಳಿಸುತ್ತ ಮೆಲ್ಲಗೆ ಕೇಳಿದರು: "ಒಬ್ಳೇ ಹೋಗಿದ್ಯಲ್ಲ ಮಗಾ... ಟೇಪಿನ ಕೆಳತುದಿ ಹಿಡಿದೋರ್ಯಾರು?"

"ಒಬ್ಬರು ಹೆಂಗಸು ತಾತ," ಎಂದಳು ಸಂಘಮಿತ್ರ. "ಕೈಯೆರಡೂ ತಲೆ ಮೇಲಿನ ಹೊರೆ ಹಿಡಿದಿದ್ವು. ಕಾಲಿನ ಹೆಬ್ಬೆರಳಲ್ಲಿ ಟೇಪನ್ನ ನೆಲಕ್ಕೆ ಒತ್ತಿ ಹಿಡಿದ್ರು. ಒಸಿ ಕೈ ಕೊಡವ್ವ ಅಂದ್ರು. ಅಷ್ಟರಲ್ಲಿ ಫೋನ್ ಬಂತು..."

"ನೀನೇನಂದೆ?"

"ಒಂದ್ನಿಮಿಷ ಇರಿ, ಅಂದೆ. ಮಾತು ಮುಗಿಸಿ ತಿರುಗಿದ್ರೆ ಯಾರೂ ಇರಲಿಲ್ಲ."

ಸಿದ್ದಪ್ಪಾಜಿ ಬಾಗಿಲಾಚೆ ಸುರಿಯುವ ಮಳೆಯನ್ನು ನೋಡುತ್ತ ಕುಳಿತರು.

"ಇರಿ ಅಂದ್ಬುಟ್ಯಾ... ಹಂಗಾರೆ ಇರ್ತಾಳೆ ಕಣ್ ಮಗಾ. ಅವ್ರ ಕಾಲದೋರು ಇರಿ ಅಂದ್ರೆ ಇರೋರು. ಈ ಮಳೇಲೂ ಅಲ್ಲೇ ನಿಂತವ್ಳೆ, ಹೊರೆ ಹೊತ್ಕೊಂಡು... ನೀನು ಬರೋ ದಾರಿ ನೋಡ್ಕೊಂಡು."