ಅರವತ್ತೊಂದನೇ ಚೀಟಿ

ಆಸ್ಪತ್ರೆಯ ಹಜಾರದಲ್ಲಿ, ನೀರಿನ ಫಿಲ್ಟರ್ ಪಕ್ಕದ ಬೆಂಚಿನ ಮೇಲೆ ಅಮ್ಮನೂ ನಾನೂ ಸರದಿಗಾಗಿ ಕಾಯುತ್ತಿದ್ದೆವು. ಕಂಪ್ಯೂಟರ್ ರೂಮಿನಿಂದ ಇಬ್ಬರು ಬಂದು ಅಲ್ಲೇ ನಿಂತರು. ಹೆಂಗಸು ಹಿರಿಯಳು. ಅವಳ ಕೈಕೆಳಗಿನ ಹುಡುಗ ಲೋಟಕ್ಕೆ ನೀರು ಹಿಡಿದುಕೊಂಡ.

“ಒಂದೇ ಟರ್ಮಿನಲ್‌ನಲ್ಲಿ ಎರಡು ಸೆಷನ್ ತೆಗೆದಿದ್ದೆ ಅಕ್ಕ. ಒಂದ್ರಲ್ಲಿ ರೋಗಿಗಳ ನಿಜವಾದ ಪಟ್ಟಿ, ಇನ್ನೊಂದ್ರಲ್ಲಿ ಟ್ರಯಲ್‌ದು, ಪರೀಕ್ಷೆ ಮಾಡೋಕೆ ಇಟ್ಟಿರೋ ಸುಳ್ಳು ಪಟ್ಟಿ.”

“ಅಳಿಸಿದ್ದು ಯಾವ್ದನ್ನ?”

“ಟ್ರಯಲ್ ಅಂದ್ಕೊಂಡೇ ಅಳಿಸ್ದೆ. ಎರಡೂ ಒಂದೇ ಥರ ಕಾಣ್ತವೆ.”

“ನಿಜವಾದ್ದಕ್ಕೆ ಬೇರೆ ಬಣ್ಣ ಕೊಡು ಅಂತ ಬಡ್ಕೊಂಡಿದ್ದೆ.”

“ಇನ್ಮೇಲೆ ಕೊಡ್ತೀನಿ.”

“ಅಟ್ಟ ಮೇಲೆ ಒಲೆ ಉರೀತು. ಗೊತ್ತಾದ ತಕ್ಷಣ ನಿಲ್ಲಿಸ್ಬೇಕಿತ್ತು.”

“ಕೈಕಾಲೇ ಆಡ್ಲಿಲ್ಲ. ಟರ್ಮಿನಲ್ ಸ್ವಿಚ್ಚನ್ನೇ ಆರಿಸ್ಬಿಟ್ಟೆ.”

ಅವಳು ಬೆರಳೆತ್ತಿ ಮೇಲಕ್ಕೆ ತೋರಿಸಿದಳು.

“ಟರ್ಮಿನಲ್ ಅಂದ್ರೆ ಬರೀ ಪರದೆ, ಕೀಬೋರ್ಡು. ಅದನ್ನ ಆರಿಸಿದ್ರೆ ಸೆಷನ್ ನಿಲ್ಲುತ್ತೇನಪ್ಪ? ಎಲ್ಲರಿಗೂ ಇರೋದು ಒಂದೇ ಮೆಷಿನ್, ಅದಿರೋದು ಮಹಡೀಲಿ. ಅದು ತನ್ನ ಪಾಡಿಗೆ ಅಳಿಸ್ತಾನೇ ಇರುತ್ತೆ.”

“ಮತ್ತೆ ಸ್ವಿಚ್ ಹಾಕಿ ನೋಡೋ ಹೊತ್ತಿಗೆ ಎಲ್ಲಾ ಮುಗಿಸಿ ಕೂತಿತ್ತು.”

“ನಿನ್ನೆ ತೆಗೆದಿಟ್ಟ ಕಾಪಿ ಇದೆಯಲ್ಲ?”

“ಇದೆ. ಇವತ್ತು ಬೆಳಿಗ್ಗೆಯಿಂದ ಹೆಸರು ಬರೆಸಿದೋರು ಅದ್ರಲ್ಲಿಲ್ಲ.”

“ಹಂಗಾದ್ರೆ ಇಲ್ಲಿ ಕೂತಿರೋರು?”

“ಇವರ್ಯಾರೂ ಇಲ್ಲ ಅಕ್ಕ.”

“ಮೆಲ್ಲಗೆ ಮಾತಾಡು. ಬಾ, ಡಾಕ್ಟರಿಗೆ ಹೇಳೋಣ.”

“ಏನಂತ ಹೇಳೋದು?”

“ನಂಗೂ ಗೊತ್ತಿಲ್ಲ. ನಡಿ.”

ಇಬ್ಬರೂ ಮೆಟ್ಟಿಲು ಹತ್ತಿ ಹೋದರು. ಅಮ್ಮ ನನ್ನ ಕೈಯಲ್ಲಿದ್ದ ಅರವತ್ತೊಂದನೇ ನಂಬರಿನ ಚೀಟಿಯನ್ನು ಇಸಿದುಕೊಂಡು, ನಾಲ್ಕಾಗಿ ಮಡಚಿ, ಪರ್ಸಿನ ಒಳಜೇಬಿಗೆ ಹಾಕಿದಳು.

“ನಿನ್ನ ಕೈಲಿದ್ರೆ ಕಳೆದುಹಾಕ್ತೀಯ” ಎಂದಳು.