ಮಧ್ಯಾಹ್ನ ಒಡೆಯುವ ಪರಸಿ

ಶಹಾಬಾದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಚಂದಮ್ಮನ ಪಕ್ಕ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಪಾಲಿಶ್ ಕಾರ್ಖಾನೆಯ ಇಬ್ಬರು ಬಂದು ಕುಂತರು: ಕೂಲಿ ಅನಸುಬಾಯಿ, ಆಕೆಯ ಸೂಪರ್‌ವೈಸರ್ ಹುಡುಗಿ ಲುಂಬಿನಿ. ಚಂದಮ್ಮನ ಕಿವಿ ಅತ್ತಲೇ ಹೋಯಿತು.

“ಪರಸಿ ಒಡೀತಾಳಂತ ಮಾಲಕರು ನನ್ನ ಕೆಲಸ ಬಿಡಸ್ತಾರೇನು?” ಅನಸುಬಾಯಿ ಕೇಳಿದಳು.

“ಇಲ್ಲಕ್ಕ. ಯಾವ ಹೊತ್ತಿಗಿ ಒಡೀತಾವಂತ ವಾರವೆಲ್ಲಾ ಬರದಿಟ್ಟು ನೋಡಿದೆ. ಒಡೆಯೋದು ಬರೇ ಮಧ್ಯಾಹ್ನ.”

“ಉಂಡು ತೂಕಡಸ್ತೀನಿ ಅಂತ ಬೈದಿದ್ದಿ!”

“ತಪ್ಪಾಯ್ತಕ್ಕ. ಬಿಸಿಲಿಗಿ ಕಾದ ಕಲ್ಲಿನ ಮ್ಯಾಲ ಮಷೀನಿನ ತಣ್ಣೀರು ಬಿದ್ದು ಸೀಳಾಕತ್ತಿದ್ವು. ಎರಡು ದಿನ ನೆರಳಿನಾಗ ಇಡಿಸಿದೆ, ಒಂದೂ ಒಡೀಲಿಲ್ಲ. ಮಾಲಕರಿಗೂ ಹೇಳೀನಿ. ಈ ತಿಂಗಳ ಐದಕ್ಕಿಂತ ಹೆಚ್ಚು ಪರಸಿ ಒಡೀಬಾರದು, ನೋಡು.”

“ಐದ್ಯಾಕ, ಎರಡಂತ ಹೇಳು. ಆದ್ರ ಬೈದಿದ್ದು ಎಲ್ಲಾರ ಮುಂದ, ತಪ್ಪಾಯ್ತು ಅನ್ನೋದು ಇಲ್ಲಿ ಬಸ್ ಸ್ಟ್ಯಾಂಡಿನಾಗೇನು?”

ಲುಂಬಿನಿ ಅನಸುಬಾಯಿಯ ಕಡೆ ತಿರುಗಿ ಕುಂತಳು. “ನಾಳಿ ಹಾಜರಿ ಹೊತ್ತಿಗಿ ಎಲ್ಲಾರ ಮುಂದೇ ಹೇಳ್ತೀನಿ.”

“ಜೋರಾಗಿ ಹೇಳವ್ವ, ಮಷೀನಿನ ಸಪ್ಪಳ ಭಾಳಿರ್ತದ,” ಎನ್ನುತ್ತ ಅನಸುಬಾಯಿ ಸೆರಗು ಸಿಗಿಸಿಕೊಂಡು ವಾಡಿ ಊರಿಗೆ ಹೋಗುವ ಬಸ್ ಹತ್ತಿದಳು.