ಕುಂಕುಮ ಇಟ್ಟ ಕೊಬ್ಬರಿ

ಕಾಫಿ ಬ್ಯಾಡ ತಿಮ್ಮಕ್ಕೋರೇ, ಕೂತ್ಕಳಿ. ಬೀಗ ಬೆಳಿಗ್ಗೆ ಬೆಳಿಗ್ಗೇನೇ ಬಂದವ್ನೆ, ಏನೋ ಕೆಟ್ಟ ಸುದ್ದಿ ಅಂದ್ಕಂಡ್ರಾ? ಏನಿಲ್ಲ. ನಿಮ್ ಮಗಳು ಜೀವಿತಾ ಚೆನ್ನಾಗವ್ಳೆ, ನನ್ ಮಗನ್ನ ಬೈಕಂಡು ಆರಾಮಾಗವ್ಳೆ. ನಾನು ಬಂದಿದ್ದು... ಈ ಚೀಲ ನೋಡಿ. ಎಲ್ಲಾ ಉಂಡೆ ಕೊಬ್ಬರಿ. ತಿಪಟೂರು ಮಾರ್ಕೆಟ್ಟಿಗೆ ಹಾಕಕ್ಕೆ ಅಂತ ಆರ್ಸಿಟ್ಟಿದ್ದು, ಒಂದ್ರಾಗೂ ಹುಳ ಇಲ್ಲ. ಅಷ್ಟೂ ನಿಮಗೇ.

ಯಾಕೆ ಅಂದ್ರೆ... ಮೊನ್ನೆ ನೀವು ನಮ್ಮೂರು ದಬ್ಬೇಘಟ್ಟಕ್ಕೆ ಬಂದಾಗ ನನ್ ಹೆಂಡ್ತಿ ನಿರ್ಮಲಾ ನಿಮಗೆ ಮಡ್ಲು ತುಂಬಿದ್ಲಲ್ಲ, ಅಕ್ಕಿ, ಬೆಲ್ಲ, ಒಂದು ಉಂಡೆ ಕೊಬ್ಬರಿ? ಆ ಕೊಬ್ಬರಿ ವಾಪಸ್ ಬೇಕಿತ್ತು.

ಹಂಗೆ ನೋಡ್ಬೇಡಿ. ಮಡ್ಲಿಗೆ ಹಾಕಿದ್ದನ್ನ ವಾಪಸ್ ಕೇಳೋ ಗಂಡಸು ಈ ಸೀಮೇಲೇ ಇಲ್ಲ, ಗೊತ್ತು. ಅದು ಮುಗ್ಗಲು ಹಿಡಿದಿತ್ತು ಕಣ್ರೀ. ಬೀಗರಿಗೆ ಮುಗ್ಗಲು ಕೊಬ್ಬರಿ ಕೊಟ್ಟು ನಾನು ಹೆಂಗೆ ತಲೆ ಎತ್ಕಂಡು ಓಡಾಡ್ಲಿ?

ಇಲ್ಲ ಅಂತ ತಲೆ ಆಡಿಸ್ತೀರಿ. ಮುಗ್ಗಿರ್ಲಿಲ್ವಾ? ಹೊರಗಿಂದ ನೋಡಿದ್ರಾ, ಒಡೆದು ನೋಡಿದ್ರಾ? ಬಾಯಿಗೆ ಸೆರಗು ಇಟ್ಕಂಡು ನಗ್ತೀರಲ್ಲ, ನಗೋವಂಥದ್ದು ಏನೈತೆ?

ಸರಿ, ನಿಜ ಹೇಳ್ತೀನಿ. ಅದು ಹರಕೆ ಕೊಬ್ಬರಿ. ಮೇಲೆ ಕುಂಕುಮದ ಬೊಟ್ಟು ಇತ್ತಲ್ಲ, ನಾನೇ ಇಟ್ಟಿದ್ದು. ಅಟ್ಟದ ಮೇಲೆ ಅಷ್ಟೊಂದು ಕೊಬ್ಬರಿ ಒಳಗೆ ಗುರ್ತು ಸಿಗ್ಲಿ ಅಂತ... ದೇವ್ರಿಗೆ ಗುರ್ತು ಸಿಗ್ಲಿ ಅಂತ. ನಿರ್ಮಲಾ ಅಟ್ಟ ಹತ್ತಿದ್ಲು, ಕುಂಕುಮ ಕಂಡ್ಲು, ಮಡ್ಲಿಗೇ ಎತ್ತಿಟ್ಟಿದ್ದು ಅಂದ್ಕಂಡು ತಂದ್ಬುಟ್ಲು. ಅವಳ ತಪ್ಪಲ್ಲ. ನನ್ ತಪ್ಪೂ ಅಲ್ಲ.

ಕೈ ಯಾಕೆ ಹಂಗೆ ತೂಗಿ ತೋರಿಸ್ತೀರಿ? ತೂಕ ಇತ್ತಾ? ಹರಕೆ ಅಂದ್ಮೇಲೆ ಇರ್ತದೆ.

ನಂಬಲ್ವಾ? ಹಂಗಾದ್ರೆ ಕೇಳಿ, ಅದ್ರಲ್ಲಿ ಇಲಿಪಾಷಾಣ ಐತೆ. ಅಟ್ಟದಾಗೆ ಇಲಿ ಕಾಟ, ಕೊಬ್ಬರಿಗೆ ತೂತು ಕೊರೆದು, ಬೆಲ್ಲದ ಜೊತೆ ಕಲಸಿ ಒಳಗೆ ತುಂಬಿದ್ದೆ. ಬೆಲ್ಲ ಇತ್ತೋ ಇಲ್ವೋ? ನೋಡಿ, ಹೂಂ ಅಂತ ತಲೆ ಆಡ್ಸಿದ್ರಿ. ಅಂದ್ರೆ ಒಡೆದಿದ್ದೀರಿ. ಪಾಷಾಣ ಅಂದ್ರೂ ಗುಂಡುಕಲ್ಲಿನಂಗೆ ಕೂತಿದ್ದೀರಲ್ಲ, ಎಂಥಾ ಹೆಂಗಸು ನೀವು!

ನಾನು ಜೀವನವೆಲ್ಲ ಬಸ್ ಓಡ್ಸಿ ರಿಟೈರ್ ಆದವನು. ಬಂದ ಪಿಎಫ್ ದುಡ್ಡು ಬರೀ ಫೋನ್ ಒಳಗೆ ಅಂಕಿ ಆಗಿ ಕೂತಿತ್ತು. ಫೋನ್ ಕೆರೆಗೆ ಬಿದ್ರೆ ನನ್ ಮುಪ್ಪೂ ಕೆರೆಗೆ ಬಿತ್ತಲ್ಲ ಅಂತ ಭಯ. ನಿದ್ದೇನೇ ಬತ್ತಿರ್ಲಿಲ್ಲ ಕಣ್ರೀ. ದುಡ್ಡು ಅಂದ್ರೆ ಕೈಲಿ ಹಿಡಿಯಂಗಿರ್ಬೇಕು, ಮುಷ್ಟೀಲಿ ತಣ್ಣಗೆ ಇರ್ಬೇಕು. ಲಾಕರ್ ಅಂದ್ರೆ ಬಾಡಿಗೆ. ಕಳ್ಳ ಬಂದ್ರೂ ಕೊಬ್ಬರಿ ಒಳಗೆ ಯಾರು ಚಿನ್ನ ಹುಡುಕ್ತಾರೆ...

ಚಿನ್ನ ಅಂತ ನಾನೆಲ್ಲಿ ಅಂದೆ? ನೀವೇ ಅಂದ್ರಿ. ಇಲ್ಲ... ನೀವು ಬಾಯೇ ಬಿಟ್ಟಿಲ್ಲ.

ಅಲ್ಲ, ಈ ನಿಮ್ ಹಂದನಕೆರೇಲಿ ನಿಮ್ ಬಾಯಿಗೆ ಹೆದರದೇ ಇರೋರು ಯಾರವ್ರೆ? ಇವತ್ತು ಆಗಿಂದ ನಾನೊಬ್ಬನೇ ಒದರ್ತಿದ್ದೀನಿ. ಕೋಪವಾ? ಆ ಸೆರಗು ಒಂದ್ಸಲ ತೆಗೀರಿ... ಶಿವನೇ. ಕೆನ್ನೆ ಹಿಂಗೆ ಊದ್ಕಂಡದೆ!

ಸೆರಗಿನ ಗಂಟು ಯಾಕೆ ಬಿಚ್ತೀರಿ? ಹೂಂ... ನಮ್ದೇ ಚಿನ್ನದ ಬಿಲ್ಲೆಗಳು. ಎಲ್ಲಾ ಅವೆ. ಬೆಲ್ಲಾನೂ ತೊಳೆದಿದ್ದೀರಿ. ಒಳಗೆ ಗಲಗಲ ಅಂತಿದ್ವು, ಅದಕ್ಕೇ ಪಾಕ ಹುಯ್ದು ಕೂರ್ಸಿದ್ದೆ. ಇದೇನಿದು, ಬೆಳ್ಳಗೆ?

ಹಲ್ಲು.

ಬೆಲ್ಲ ಅಂತ ಕಚ್ಚಿದ್ರಾ...

ಬೆರಳು ಯಾಕೆ ಕುತ್ತಿಗೆ ಸುತ್ತ ಆಡಿಸ್ತೀರಿ? ಗೊತ್ತಾಯ್ತು. ಮದುವೇಲಿ ಸೊಸೇಗೆ ಒಂದೆಳೆ ಸರ ಹಾಕಿ ಅಂದ್ರಿ, ಮನೇಲಿ ಗುಲಗಂಜಿ ತೂಕ ಚಿನ್ನಾನೂ ಇಲ್ಲ ಅಂತ ಕರ್ಪೂರ ಮುಟ್ಟಿ ಹೇಳ್ದೆ. ಸುಳ್ಳಲ್ಲ ಕಣ್ರೀ, ಅಟ್ಟದಾಗಿತ್ತು. ಅಟ್ಟ ಮನೆ ಲೆಕ್ಕಕ್ಕೆ... ಬತ್ತದೆ. ಸರಿ, ಬತ್ತದೆ. ನಾಚಿಕೆ ಆಯ್ತು ನಂಗೆ. ಜೀವಿತಾಗೆ ಸರ ಮಾಡ್ಸ್ತೀನಿ. ನಿರ್ಮಲಾಗೆ ಮಾತ್ರ ಹೇಳ್ಬೇಡಿ, ದುಡ್ಡು ಬ್ಯಾಂಕಲ್ಲೈತೆ ಅಂತ ಅವಳು ನೆಮ್ಮದಿಯಾಗವ್ಳೆ.

ಈಗ ಬಾಯಿ ಯಾಕೆ ತೋರಿಸ್ತೀರಿ? ಹಲ್ಲು ತಾನೇ, ಕಟ್ಟಿಸ್ತೀನಿ. ಇವತ್ತೇ ತಿಪಟೂರಿಗೆ ಹೋಗಣ. ಬೆಳ್ಳೀದು ಹಾಕ್ಸಣ, ಗಟ್ಟಿಮುಟ್ಟಾಗಿರ್ತದೆ.

ತಿಮ್ಮಕ್ಕೋರೇ?

ಬೆಳ್ಳಿಗೂ ಈಗ ರೇಟು ಕಮ್ಮಿ ಏನಿಲ್ಲ...

ಆಯ್ತು ಬುಡಿ. ಚಿನ್ನದ್ದೇ.